ನೀಲಾಂಬಿಕೆಯ ಖಾಲಿ ಜರ್ನಲ್

ಬಾಗಲಕೋಟೆಯಲ್ಲಿ ಗುರುಪಾದಪ್ಪ ಎಂಬ ದರ್ಜಿ ಇದ್ದ. ಅವನ ಹೆಂಡತಿ ಕಸ್ತೂರೆವ್ವ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಿದ್ದಳು. ಅವರಿಗೆ ಇಬ್ಬರು ಮಕ್ಕಳು, ಸಂಗಮೇಶ ಮತ್ತು ನೀಲಾಂಬಿಕೆ. ಸಂಗಮೇಶನಿಗೆ ಹತ್ತೊಂಬತ್ತು ತುಂಬಿದ ವರ್ಷ ಜ್ವರ ಬಂತು. ತಾನೇ ನಡೆದುಕೊಂಡು ಒಂದು ಸಣ್ಣ ದವಾಖಾನೆಗೆ ಹೋದ. ಅಲ್ಲಿ ಒಂದು ಇಂಜೆಕ್ಷನ್ ಕೊಟ್ಟರು. ಅವನು ಮನೆಗೆ ನಡೆದುಕೊಂಡು ಬರಲಿಲ್ಲ.

ತಪ್ಪು ಇಂಜೆಕ್ಷನ್ ಎಂದು ಗುರುಪಾದಪ್ಪ ಕೋರ್ಟಿಗೆ ಹೋದ. ಕೋರ್ಟು ತಾರೀಖು ಕೊಟ್ಟಿತು. ಆಮೇಲೆ ಇನ್ನೊಂದು ತಾರೀಖು ಕೊಟ್ಟಿತು. ಅದು ಹಾಗೇ ನಡೆದಿದೆ.

ಮಕ್ಕಳೇ, ಇದು ನಿಮಗಾಗಿ ಬರೆದ ಕಥೆ. ಆದರೆ ನಿಮ್ಮ ಅಪ್ಪ ಅಮ್ಮ ಪಕ್ಕದಲ್ಲಿದ್ದರೆ ಮೊಬೈಲನ್ನು ಸ್ವಲ್ಪ ಅವರ ಕಡೆಗೂ ತಿರುಗಿಸಿ.

ಮಗ ಹೋದ ಮೇಲೆ ಕಸ್ತೂರೆವ್ವ ಮಗಳನ್ನು ಹತ್ತಿರ ಕೂರಿಸಿಕೊಂಡು ಹೇಳಿದಳು, "ನೀ ಡಾಕ್ಟರ್ ಆಗು ನೀಲಾ. ಇನ್ನೊಬ್ಬ ತಾಯಿಗೆ ಹಿಂಗ ಆಗಬಾರದು." ನೀಲಾಂಬಿಕೆ "ಹೂಂ ಯವ್ವಾ" ಎಂದಳು. ಅದೇ ವಾರ ಕೋರ್ಟಿನಿಂದ ಬಂದ ಗುರುಪಾದಪ್ಪ ಚಪ್ಪಲಿಯನ್ನೂ ಬಿಡದೆ ಹೇಳಿದ, "ನೀ ವಕೀಲ ಆಗಬೇಕು ನೋಡು. ಅಲ್ಲಿ ನಮ್ಮ ಮಾತ ಕೇಳಾವ್ರ ಒಬ್ಬರೂ ಇಲ್ಲ." ನೀಲಾಂಬಿಕೆ ಅವನಿಗೂ "ಹೂಂ ಅಪ್ಪಾ" ಎಂದಳು.

ಪಾಪದ ಹುಡುಗಿ. ಒಂದು ಹೂಂ ಸಾಕಿತ್ತು. ಆದರೆ ಒಬ್ಬರಿಗೆ ಬೇಡ ಎಂದರೆ ಅವರ ಪಾಲಿಗೆ ಸಂಗಮೇಶ ಇನ್ನೊಂದು ಸಲ ಸತ್ತ ಹಾಗೆ ಎಂದು ಅವಳಿಗೆ ಅನ್ನಿಸಿತು. ಹದಿನಾರರ ಹುಡುಗಿಗೆ ಹಾಗೆ ಅನ್ನಿಸಿದ್ದು ಅವಳ ತಪ್ಪೆಂದು ನಾನು ಹೇಳಲಾರೆ.

ಪಿಯುಸಿ ಮುಗಿಸಿದಾಗ ಮೆಡಿಕಲ್ ಸೀಟು ಸಿಗಲಿಲ್ಲ. ಅವಳು ಬಿ.ಎಸ್ಸಿ. ಸೇರಿದಳು. ಡಿಗ್ರಿ ಇದ್ದರೆ ಮೂರು ವರ್ಷದ ಕಾನೂನು ಓದಬಹುದು. ಜೊತೆಗೆ ನೀಟ್ ಬರೆಯುತ್ತಿದ್ದರೆ ಯಾವುದೋ ಒಂದು ವರ್ಷ ಮೆಡಿಕಲ್ ಕೂಡ ಸಿಗಬಹುದು. ಕಾಗದದ ಮೇಲೆ ಲೆಕ್ಕ ಸರಿಯಾಗಿಯೇ ಇತ್ತು.

ಅಣ್ಣನ ಫೋಟೋದ ಕೆಳಗೆ ಅವಳ ಮೇಜು. ಬೆಳಿಗ್ಗೆ ಅವ್ವನ ಪಾಳಿ, ಸಂಜೆ ಅಪ್ಪನ ಪಾಳಿ. ಉಳಿದ ಹೊತ್ತಿನಲ್ಲಿ ಅವಳು ಕಿವಿಯಿಂದ ಓದುತ್ತಿದ್ದಳು ಎನ್ನಬೇಕು. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತೋ, ಅವ್ವ ಹೊರಗೆ ಬರುತ್ತಾಳೆ ಎಂದು ಜೀವಶಾಸ್ತ್ರದ ಪುಸ್ತಕ ಮೇಲೆ ಬರುತ್ತಿತ್ತು. ಬಾಗಿಲಲ್ಲಿ ಅಪ್ಪನ ಚಪ್ಪಲಿ ಸದ್ದಾಯಿತೋ, ಕಾನೂನಿನ ಪುಸ್ತಕ ಮೇಲೆ. ಇವೆರಡರ ಅಡಿಯಲ್ಲಿ ಬಿ.ಎಸ್ಸಿ.ಯ ಪ್ರಾಣಿಶಾಸ್ತ್ರದ ಜರ್ನಲ್ ಬಿದ್ದಿರುತ್ತಿತ್ತು. ಅದರ ಪರವಾಗಿ ಬಂದು ನಿಲ್ಲುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ.

ವಿಜ್ಞಾನ ಓದಿದವರಿಗೆ ಜರ್ನಲ್ ಗೊತ್ತು. ಲ್ಯಾಬಿನಲ್ಲಿ ನೋಡಿದ್ದನ್ನೆಲ್ಲ ಅದರಲ್ಲಿ ಪೆನ್ಸಿಲಿನಿಂದ ಬರೆಯಬೇಕು, ಭಾಗಗಳನ್ನು ಗುರುತಿಸಬೇಕು, ಪಾಠ ಮಾಡುವವರ ಸಹಿ ಹಾಕಿಸಬೇಕು. ಸಹಿ ಇಲ್ಲದಿದ್ದರೆ ಪ್ರಾಕ್ಟಿಕಲ್ ಪರೀಕ್ಷೆಗೆ ಕೂರುವಂತಿಲ್ಲ.

ಕೊನೆಯ ವರ್ಷದ ಒಂದು ಶನಿವಾರ ಪ್ರಾಣಿಶಾಸ್ತ್ರದ ಹೊಸಮನಿ ಮೇಡಂ ಅವಳ ಜರ್ನಲ್ ತಿರುವಿ ಹಾಕಿದರು. ಹನ್ನೊಂದು ಚಿತ್ರ ಬಾಕಿ ಇದ್ದವು. ಬರೆದಿದ್ದ ಒಂದು ಹೃದಯದ ಚಿತ್ರದ ಕೆಳಗೆ ಭಾಗಗಳ ಹೆಸರಿನ ಬದಲು "ಅರ್ಜಿದಾರ" ಎಂದಿತ್ತು. ಮೇಡಂ ನಕ್ಕುಬಿಟ್ಟರು. ಹುಡುಗಿ ನಗಲಿಲ್ಲ.

"ಯಾಕವ್ವಾ ಹಿಂಗ?"

"ಮೆಡಿಕಲ್‌ಗೂ ತಯಾರಿ ನಡಸೇನ್ರಿ ಮೇಡಂ, ಲಾ ಕಾಲೇಜಿಗೂ ನಡಸೇನ್ರಿ."

"ಎರಡೂ? ಅದ್ರಾಗ ನಿನಗ ಯಾವ್ದು ಬೇಕು?"

ನೀಲಾಂಬಿಕೆ ಮೇಡಂ ಕೈಯಿಂದ ಜರ್ನಲ್ ತೆಗೆದುಕೊಂಡು ಮುಚ್ಚಿದಳು. ಐದು ವರ್ಷದಲ್ಲಿ ಈ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ, ಅವಳೂ ಕೇಳಿಕೊಂಡಿರಲಿಲ್ಲ.

"ಸೋಮವಾರ ಪೂರ್ತಿ ಮಾಡಿ ತರ್ತೇನ್ರಿ" ಎಂದಷ್ಟೇ ಹೇಳಿದಳು.

ಭಾನುವಾರ ಒಂದು ದಿನ ಉಳಿದಿತ್ತು. ಆ ಭಾನುವಾರ ಬೆಳಿಗ್ಗೆ ನೀಟ್‌ನ ಮಾದರಿ ಪರೀಕ್ಷೆ, ಮಧ್ಯಾಹ್ನ ಕಾನೂನು ಕಾಲೇಜಿನ ಪ್ರವೇಶದ ಮಾದರಿ ಪರೀಕ್ಷೆ. ಒಂದನ್ನು ಬಿಟ್ಟಿದ್ದರೂ ಜರ್ನಲ್ ಮುಗಿಯುತ್ತಿತ್ತು. ಆದರೆ ಬೆಳಗಿನದು ಬಿಟ್ಟರೆ ಅವ್ವ ಕೇಳುತ್ತಾಳೆ, ನನ್ನದೇ ಯಾಕೆ ಬಿಟ್ಟೆ ಎಂದು. ಮಧ್ಯಾಹ್ನದ್ದು ಬಿಟ್ಟರೆ ಅಪ್ಪ ಏನೂ ಕೇಳುವುದಿಲ್ಲ, ಗೋಡೆಯ ಫೋಟೋ ನೋಡುತ್ತಾನೆ. ಅದು ಇನ್ನೂ ಕಷ್ಟ. ಹುಡುಗಿ ಎರಡನ್ನೂ ಬರೆದಳು. ಯಾರಿಗೂ ನೋವಾಗಲಿಲ್ಲ.

ಸೋಮವಾರ ಏಳು ಹಾಳೆ ಖಾಲಿ ಇದ್ದವು.

"ಹೊರಗಿನ ಪರೀಕ್ಷಕರು ನಾಳೆ ಬರ್ತಾರ. ಖಾಲಿ ಹಾಳಿಗೆ ನಾ ಹೆಂಗ ಸಹಿ ಮಾಡ್ಲಿ, ಹೇಳು?" ಎಂದರು ಮೇಡಂ. ನನಗೆ ಅವರ ಮೇಲೆ ಸಿಟ್ಟಿಲ್ಲ. ಆ ಊರಿನಲ್ಲಿ ಹುಡುಗಿಗೆ ಸರಿಯಾದ ಪ್ರಶ್ನೆ ಕೇಳಿದವರು ಅವರೊಬ್ಬರೇ.

ಮರುದಿನ ನೀಲಾಂಬಿಕೆ ಎಂದಿನಂತೆ ಏಪ್ರನ್ ಮಡಿಚಿಕೊಂಡು ಮನೆಯಿಂದ ಹೊರಟಳು. ಪ್ರಾಕ್ಟಿಕಲ್ ಮುಗಿಯುವ ಹೊತ್ತಿನವರೆಗೂ ಬಸ್ ನಿಲ್ದಾಣದಲ್ಲಿ ಕುಳಿತಿದ್ದು ವಾಪಸ್ ಬಂದಳು. "ಚಲೋ ಆತೇನು?" ಎಂದು ಅವ್ವ ಕೇಳಿದಳು. "ಹೂಂ" ಎಂದಳು.

ಫಲಿತಾಂಶಗಳು ಒಂದೊಂದಾಗಿ ಬಂದವು. ಮೆಡಿಕಲ್ ಸೀಟು ಒಂಬತ್ತು ಅಂಕದಿಂದ ತಪ್ಪಿತು. ಕಸ್ತೂರೆವ್ವ ಒಲೆ ಆರಿಸಿ ಕುಳಿತಳು. ಕಾನೂನು ಕಾಲೇಜಿನ ಪಟ್ಟಿಯಲ್ಲಿ ಹೆಸರು ಬಂತು. ಗುರುಪಾದಪ್ಪ ಓಣಿಗೆಲ್ಲ ಪೇಡಾ ಹಂಚಿದ. ಕೋರ್ಟಿನ ಬಾಗಿಲ ಜವಾನನಿಗೂ ಕೊಟ್ಟು ಬಂದ. ಕಾಲೇಜಿನವರು ಡಿಗ್ರಿಯ ಅಂಕಪಟ್ಟಿ ತನ್ನಿ ಎಂದರು. ಅಂಕಪಟ್ಟಿಯಲ್ಲಿ ಪ್ರಾಣಿಶಾಸ್ತ್ರ ಪ್ರಾಕ್ಟಿಕಲ್ ಎಂಬುದರ ಮುಂದೆ "ಗೈರು" ಎಂದಿತ್ತು. ಡಿಗ್ರಿ ಆಗಿರಲಿಲ್ಲ. ಸೀಟು ಬೇರೆಯವರಿಗೆ ಹೋಯಿತು.

ಅಂದು ಮನೆಯಲ್ಲಿ ಜಗಳವಾಯಿತು.

"ನಿಮ್ಮ ಕೋರ್ಟಿನ ಹುಚ್ಚಿಗೆ ನನ್ನ ಮಗಳ ಡಾಕ್ಟರಕಿ ಹೋತು!"

"ನಿನ್ನ ಡಾಕ್ಟರಕಿ ಹಿಂದ ಬಿದ್ದು ಇಷ್ಟ್ ಹತ್ರ ಬಂದ ಸೀಟು ಹೋತಲ್ಲ!"

ಇಬ್ಬರೂ ದಣಿಯುವ ತನಕ ಕೂಗಾಡಿದರು. ಮಗಳು ಮೇಜಿನ ಮುಂದೆ ಕುಳಿತು ಖಾಲಿ ಹಾಳೆಯ ಮೇಲೆ ಹೃದಯದ ಚಿತ್ರ ಬರೆಯುತ್ತಿದ್ದಳು. ಈಗ ಅದು ಯಾರಿಗೂ ಬೇಕಿರಲಿಲ್ಲ. ಭಾಗಗಳೆಲ್ಲ ಸರಿಯಾಗಿದ್ದವು.

ಕೊನೆಗೆ ಗುರುಪಾದಪ್ಪ ಅವಳ ಹತ್ತಿರ ಬಂದು ನೆಲದ ಮೇಲೆ ಕುಳಿತ.

"ಹೋಗ್ಲಿ ಬಿಡು ನೀಲಾ. ನಿನಗರ ಏನ ಬೇಕಿತ್ತು?"

ನೀಲಾಂಬಿಕೆ ಪೆನ್ಸಿಲ್ ಇಟ್ಟಳು. ಗೋಡೆಯ ಫೋಟೋ ನೋಡಿದಳು.

"ನನಗ ಅಣ್ಣ ಬೇಕಿದ್ದ ಅಪ್ಪಾ."

ಆ ಮನೆಯಲ್ಲಿ ಮಗನನ್ನು ಕಳೆದುಕೊಂಡವರು ಇಬ್ಬರಿದ್ದರು. ಅಣ್ಣನನ್ನು ಕಳೆದುಕೊಂಡವಳೂ ಒಬ್ಬಳಿದ್ದಾಳೆ ಎಂದು ಇಬ್ಬರಿಗೂ ಹೊಳೆದದ್ದು ಆಗ. ಐದು ವರ್ಷ ಅವಳು ಒಂದು ಸಲವೂ ಅತ್ತದ್ದನ್ನು ಅವರು ಕಂಡಿರಲಿಲ್ಲ. ಅಳಲು ಯಾವ ಪಾಳಿಯಲ್ಲೂ ಬಿಡುವಿರಲಿಲ್ಲ.

ಆಮೇಲೆ ಎಲ್ಲ ಸರಿಹೋಯಿತು ಎಂದು ಬರೆದರೆ ನಿಮಗೂ ಸಮಾಧಾನ, ನನಗೂ ಸಮಾಧಾನ. ಆದರೆ ಸರಿಹೋಗಲಿಲ್ಲ. ಪ್ರಾಕ್ಟಿಕಲ್ ಪರೀಕ್ಷೆಗೆ ಮತ್ತೆ ಅರ್ಜಿ ಹಾಕು ಎಂದು ಮೇಡಂ ಮನೆಗೇ ಬಂದು ಹೇಳಿದರು. ಅವಳು ಹೂಂ ಎಂದಳು, ಅರ್ಜಿ ಹಾಕಲಿಲ್ಲ. ಈಗ ಅವ್ವನ ಪಕ್ಕದಲ್ಲಿ ಕುಳಿತು ರೊಟ್ಟಿ ಬಡಿಯುತ್ತಾಳೆ. ಪುಸ್ತಕಗಳು ಮೇಜಿನ ಮೇಲೆ ಹಾಗೇ ಇವೆ. ಯಾವುದು ಮೇಲಿದೆ, ಯಾವುದು ಕೆಳಗಿದೆ ಎಂದು ಯಾರೂ ನೋಡುವುದಿಲ್ಲ. ಕೋರ್ಟು ಮೊನ್ನೆ ಮತ್ತೊಂದು ತಾರೀಖು ಕೊಟ್ಟಿದೆ.

ಇದನ್ನು ಹತ್ತು ಜನರಿಗೆ ಕಳಿಸಿ ಎಂದು ನಾನು ಕೇಳುವುದಿಲ್ಲ. ಒಳಗಿನ ಕೋಣೆಯಲ್ಲಿ ಓದುತ್ತಾ ಕುಳಿತ ಒಬ್ಬರ ಹತ್ತಿರ ಎದ್ದು ಹೋಗಿ, ಸಾಕು.

ನೀತಿ: ನಮ್ಮ ದುಃಖವನ್ನು ತೀರಿಸುವ ಕೆಲಸ ಮಕ್ಕಳದಲ್ಲ. ಮುಂದೆ ಏನಾಗುತ್ತೀಯ ಎಂದು ಕೇಳುವ ಮೊದಲು, ನಿನಗೆ ಏನಾಗಿದೆ ಎಂದು ಕೇಳಬೇಕು. ತಡವಾಗಿ ಕೇಳಿದರೆ ಉತ್ತರ ಸಿಗುತ್ತದೆ, ಮಗು ಸಿಗುವುದಿಲ್ಲ.