ರೇಡಿಯೊಗೆ ಕೇಳಿಸದ ನಕ್ಷತ್ರ

"ಗುರುಗಳೇ, ಆಕಾಶದ ಒಂದು ಜಾಗಕ್ಕೆ ರೇಡಿಯೊ ದೂರದರ್ಶಕ ತಿರುಗಿಸಿ ತಿಂಗಳುಗಟ್ಟಲೆ ಆಲಿಸಿದೆ. ಏನೂ ಕೇಳಿಸಲಿಲ್ಲ. ಅಲ್ಲಿ ಪಲ್ಸಾರ್ ಇಲ್ಲವೆಂದು ಬರೆದುಬಿಡಲೇ?" ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಒಬ್ಬ ರೇಡಿಯೊ ಖಗೋಳಜ್ಞನಿದ್ದ. ಸತ್ತ ನಕ್ಷತ್ರದ ತಿರುಳು ಗಿರ್ರನೆ ತಿರುಗುತ್ತ ಮಿಡಿಯುವುದನ್ನೇ ಪಲ್ಸಾರ್ ಎನ್ನುತ್ತೇವಲ್ಲ, ಅಂಥ ಮೂವತ್ತನ್ನು ಅವನೊಬ್ಬನೇ ಕಂಡುಹಿಡಿದಿದ್ದ. ಅವನ ಕಿವಿಗೆ ಬೀಳದ್ದು ಆಕಾಶದಲ್ಲೇ ಇಲ್ಲ ಎಂದು ಜನ ಹೇಳುತ್ತಿದ್ದರು. ಕೇಳಿ ಕೇಳಿ ಅವನೂ ನಂಬಿದ್ದ.

ಅದೇ ಸಂಸ್ಥೆಗೆ ವಾರಿಜಾ ಎಂಬ ತರುಣಿ ಬಂದಳು. ಉಪಗ್ರಹವೊಂದು ಹಿಡಿದಿಟ್ಟ ಗಾಮಾ ಕಿರಣಗಳನ್ನು ಆಕೆ ಪರಿಶೀಲಿಸುತ್ತಿದ್ದಳು. ಆಕಾಶದ ಒಂದು ಮೂಲೆಯಿಂದ ದಿನಕ್ಕೆ ಐದಾರು ಕಿರಣ ಬಂದರೆ ಹೆಚ್ಚು. ಮೂರು ವರ್ಷದ ಕಿರಣಗಳನ್ನು ಅವು ಬಂದ ಹೊತ್ತಿಗೆ ತಕ್ಕಂತೆ ಜೋಡಿಸಿದಾಗ, ಸೆಕೆಂಡಿಗೆ ನಾಲ್ಕರಂತೆ ಮಿಡಿತ ಕಂಡಿತು. ಅದನ್ನು ಎಕ್ಸ್-ಕಿರಣದಲ್ಲೂ ಕಣ್ಣಿಗೆ ಕಾಣುವ ಬೆಳಕಿನಲ್ಲೂ ನೋಡಲು ಅವಕಾಶ ಬೇಡಿ ನೂರು ಪುಟದ ಅರ್ಜಿಯನ್ನು ದಾರದಿಂದ ಕಟ್ಟಿ ಕೊಟ್ಟಳು. ಅರ್ಜಿ ನೋಡುವ ಸಮಿತಿಗೆ ಆ ಖಗೋಳಜ್ಞನೇ ಮುಖ್ಯಸ್ಥ.

ಅವನು ತನ್ನ ದೂರದರ್ಶಕವನ್ನು ಅತ್ತ ತಿರುಗಿಸಿ ನಲವತ್ತು ಗಂಟೆ ಆಲಿಸಿದ. ಸದ್ದಿಲ್ಲ. ಇದ್ದಿದ್ದರೆ ತನಗೆ ಕೇಳಿಸುತ್ತಿತ್ತು ಎಂದು ಸಭೆಯಲ್ಲಿ ಹೇಳಿದ. ಕೆಲವರು ನಕ್ಕರು. ಅರ್ಜಿ ವಾಪಸು ಬಂತು. ಮರುವರ್ಷ ಆಕೆ ಮತ್ತೆ ಅರ್ಜಿ ಕೊಟ್ಟಳು. ಅದೂ ವಾಪಸು ಬಂತು. ವಾರಿಜಾ ಸಂಶೋಧನೆ ಬಿಟ್ಟು, ಹಿರಿಯೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸಲು ಹೋದಳು.

ಏಳು ವರ್ಷದ ಮೇಲೆ ಹೊರದೇಶದ ತಂಡವೊಂದು ಅದೇ ಜಾಗದಲ್ಲಿ ಪಲ್ಸಾರ್ ಇದೆಯೆಂದು ಪ್ರಕಟಿಸಿತು. ಗಾಮಾ ಕಿರಣದಲ್ಲಿ ಮಿಡಿತ, ಎಕ್ಸ್-ಕಿರಣದಲ್ಲೂ ಅದೇ ಮಿಡಿತ, ದೊಡ್ಡ ದರ್ಪಣದ ದೂರದರ್ಶಕದಲ್ಲಿ ಒಂದು ಮಸುಕು ಚುಕ್ಕಿ. ರೇಡಿಯೊದಲ್ಲಿ ಮಾತ್ರ ಏನೂ ಇಲ್ಲ. ವಾರಿಜಾಳ ಹೆಸರು ಎಲ್ಲೂ ಇರಲಿಲ್ಲ. ಖಗೋಳಜ್ಞ ಅದನ್ನು ಎರಡು ಸಲ ಓದಿದ. ಆ ದಿನ ಅವನಿಗೆ ಸಹೋದ್ಯೋಗಿಗಳ ಜೊತೆ ಊಟಕ್ಕೆ ಕೂರಲಾಗಲಿಲ್ಲ.

ಮರುದಿನವೇ ಬಸ್ಸು ಹತ್ತಿದ. ಕಾಲೇಜಿನಲ್ಲಿ ಆಕೆಯ ಎದುರು ನಿಂತಾಗ, ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು. "ನನಗೆ ಕೇಳಿಸಲಿಲ್ಲ" ಎಂದಷ್ಟೇ ಹೇಳಿದ.

"ಅದು ನಿಮ್ಮ ತಪ್ಪಲ್ಲ ಸರ್," ಎಂದಳು ವಾರಿಜಾ. "ಅದರ ರೇಡಿಯೊ ಕಿರಣ ಕಿರಿದು, ಭೂಮಿಯ ಕಡೆ ಬೀಳುವುದೇ ಇಲ್ಲ. ಇಲ್ಲಿಂದ ಯಾರಿಗೂ ಕೇಳಿಸದು. ಅರ್ಜಿಯಲ್ಲಿ ಅದನ್ನೇ ಬರೆದಿದ್ದೆ. ಆದರೆ ಎರಡು ಸಲವೂ ಅದು ವಾಪಸು ಬಂದಾಗ, ದಾರಕ್ಕೆ ನಾನು ಹಾಕಿದ್ದ ಗಂಟು ಹಾಗೇ ಇತ್ತು."

ಅವನು ತಲೆಯೆತ್ತಲಿಲ್ಲ. ಪಾಠಕ್ಕೆ ಹೊತ್ತಾಯಿತೆಂದು, ಅವನಿಗೊಂದು ಕುರ್ಚಿ ತೋರಿಸಿ ಆಕೆ ಹೊರಟಳು. ಅದರಲ್ಲಿ ಕೂರಲು ಅವನಿಗೆ ಮುಖವಿರಲಿಲ್ಲ. ನಿಂತೇ ಇದ್ದು, ಆಕೆ ಬರುವ ಮೊದಲೇ ಹೊರಟುಹೋದ.

ಗುರು ನಿಲ್ಲಿಸಿದರು. ಶಿಷ್ಯ, ಹೇಗೂ ಕೊನೆಗೆ ನಿಜ ಹೊರಬಂತಲ್ಲ, ಪಲ್ಸಾರ್ ಎಲ್ಲಿಗೂ ಹೋಗಲಿಲ್ಲವಲ್ಲ ಎಂದ.

ಗುರು ಅವನ ಮುಖ ನೋಡಿ ಹೇಳಿದರು: "ಪಲ್ಸಾರ್ ಇನ್ನೂ ಲಕ್ಷ ವರ್ಷ ಕಾದೀತು, ವಾರಿಜಾಳ ವಯಸ್ಸು ಕಾಯಲಿಲ್ಲ."