ಭಯವಿಲ್ಲ ಎಂದು ಬರೆದವನು

"ಅಯ್ಯನವರೇ, ನಾನೇ ಇನ್ನೂ ಗೆಲ್ಲದ ಭಯವನ್ನು ಗೆಲ್ಲಿರಿ ಎಂದು ಇನ್ನೊಬ್ಬರಿಗೆ ಹೇಗೆ ಹೇಳಲಿ?" ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ಯೆಶಾಯ. ಅವನು ಕ್ರೈಸ್ತ ಸಭೆಯ ಸೇವೆಗೆ ಸೇರಿ ಎರಡು ತಿಂಗಳಾಗಿತ್ತು. ಬರುವ ಸೋಮವಾರದಿಂದ ಅವನು ಆಸ್ಪತ್ರೆಗೆ ಹೋಗಿ, ವೈದ್ಯರು ಕೈಬಿಟ್ಟ ರೋಗಿಗಳ ಬಳಿ ಕುಳಿತು ಪ್ರಾರ್ಥನೆ ಮಾಡಬೇಕಿತ್ತು. ತನ್ನ ಬದಲು ಬೇರೆ ಯಾರನ್ನಾದರೂ ಕಳುಹಿಸಿ ಎಂದು ಕೇಳಲು ಅವನು ಬಂದಿದ್ದ. ಗುರುಗಳಾದ ಸತ್ಯವೀರ ಅಯ್ಯನವರು ಓದುತ್ತಿದ್ದ ಪುಸ್ತಕವನ್ನು ಮುಚ್ಚಿದರು. ಕುಳಿತುಕೋ ಎಂದು ಹೇಳಿ ಒಂದು ಕತೆ ಹೇಳಿದರು.

ಬಹಳ ಹಿಂದೆ ಸ್ವೀಡನ್ ದೇಶದಲ್ಲಿ ಸಿಗ್ವಾರ್ಡ್ ಎಂಬ ಪಾದ್ರಿಯಿದ್ದ. ಅವನು ಕವಿಯೂ ಹೌದು. ಅವನ ತಂದೆ ನದಿ ದಾಟಿಸುವ ದೋಣಿಯವನು. ಬಡತನದಲ್ಲೇ ಓದಿ ಮಗ ಪಾದ್ರಿಯಾದ. ಇಪ್ಪತ್ತಾರನೆಯ ವಯಸ್ಸಿನಲ್ಲಿ, ಒಂದು ವಸಂತದ ಬೆಳಿಗ್ಗೆ, ಅವನು ಸಾವಿನ ಕುರಿತು ಒಂದು ಕೀರ್ತನೆ ಬರೆದ. ಎದ್ದು ನೀರು ಕುಡಿಯುವಷ್ಟೂ ಬಿಡುವಿಲ್ಲದಂತೆ ಪದಗಳು ಬಂದವು. ಮೂರನೆಯ ಚರಣದಲ್ಲಿ ಒಂದು ಸಾಲಿತ್ತು: 'ಸಾವೇ, ನಿನ್ನ ಕಂಡು ನನಗೆ ಭಯವಿಲ್ಲ.' ಆವರೆಗೆ ಅವನು ಸಾಯುವವರ ಪಕ್ಕದಲ್ಲಿ ಒಮ್ಮೆಯೂ ಕುಳಿತಿರಲಿಲ್ಲ.

ಕೀರ್ತನೆ ಒಂದು ಊರಿನಿಂದ ಇನ್ನೊಂದು ಊರಿಗೆ ಹೋಯಿತು. ಎಲ್ಲಿ ಶವಸಂಸ್ಕಾರವಾದರೂ ಅದನ್ನು ಹಾಡುತ್ತಿದ್ದರು. ಗಂಡನನ್ನು ಕಳೆದುಕೊಂಡ ಹೆಂಗಸರು ಅವನಿಗೆ ಪತ್ರ ಬರೆದರು. ನಿಮ್ಮ ಮಾತಿನಿಂದ ನಮ್ಮವರು ಧೈರ್ಯವಾಗಿ ಹೋದರು ಎಂದರು. ಮೇಲಿನವರು ಮೆಚ್ಚಿ, ಸಮುದ್ರದ ದಡದ ಒಂದು ದೊಡ್ಡ ಊರಿನ ಚರ್ಚನ್ನು ಅವನಿಗೆ ಒಪ್ಪಿಸಿದರು.

ಅಲ್ಲಿ ಅವನು ಸಾಯುವವರ ಮನೆಗಳಿಗೆ ಹೋಗಲೇಬೇಕಾಯಿತು. ಆಗ ತನ್ನ ಬಗ್ಗೆ ತನಗೇ ಗೊತ್ತಿಲ್ಲದ ಒಂದು ವಿಷಯ ಅವನಿಗೆ ತಿಳಿಯಿತು. ಅವನಿಗೆ ಸಾವೆಂದರೆ ವಿಪರೀತ ಭಯ. ರೋಗಿಯ ಕೋಣೆಗೆ ಹೋದರೆ ಬಾಗಿಲ ಹತ್ತಿರವೇ ನಿಲ್ಲುತ್ತಿದ್ದ. ಪ್ರಾರ್ಥನೆಯನ್ನು ಬೇಗಬೇಗ ಮುಗಿಸುತ್ತಿದ್ದ. ಮನೆಗೆ ಬಂದು ಕೈಗಳನ್ನು ಮತ್ತೆ ಮತ್ತೆ ತೊಳೆಯುತ್ತಿದ್ದ. ಯಾರಿಗೂ ಇದು ಗೊತ್ತಾಗಲಿಲ್ಲ. ಆ ಕೀರ್ತನೆ ಬರೆದವನು ಹೆದರಿಯಾನು ಎಂದು ಯಾರು ತಾನೇ ಎಣಿಸುತ್ತಾರೆ? ಹೀಗೆ ಹನ್ನೊಂದು ವರ್ಷ ಕಳೆಯಿತು.

ಹನ್ನೆರಡನೆಯ ವರ್ಷದ ಬೇಸಿಗೆಯಲ್ಲಿ ಒಂದು ಹಡಗಿನ ಜೊತೆ ಕಾಲರಾ ಬಂತು. ಮೊದಲ ವಾರ ಒಂಬತ್ತು ಜನ ಸತ್ತರು. ಎರಡನೆಯ ವಾರ ಲೆಕ್ಕ ತಪ್ಪಿತು. ಬಂದರಿನ ತುದಿಯಲ್ಲಿ ಮೀನಿಗೆ ಉಪ್ಪು ಹಾಕುವ ಒಂದು ಉದ್ದನೆಯ ಕೊಟ್ಟಿಗೆಯಿತ್ತು. ಊರಿನ ಅಧಿಕಾರಿಗಳು ರೋಗಿಗಳನ್ನೆಲ್ಲ ಅಲ್ಲಿಗೆ ಸಾಗಿಸಿದರು. ಆರೈಕೆಗೆ ಒಳಗೆ ಬಂದು ಹೋಗುವವರು ಊರಿನ ಕಡೆ ಯಾರನ್ನೂ ಮುಟ್ಟಬಾರದು ಎಂದು ಆಜ್ಞೆಯಾಯಿತು. ಪಾದ್ರಿ ಚರ್ಚಿನ ಮೆಟ್ಟಿಲ ಮೇಲೆ ನಿಂತು ದೂರದಿಂದಲೇ ಜನರಿಗೆ ಧೈರ್ಯ ಹೇಳಿದ. ಕೊಟ್ಟಿಗೆಗೆ ಹೋಗಲಿಲ್ಲ.

ಒಂದು ಮಧ್ಯಾಹ್ನ ಬ್ರೀತಾ ಎಂಬ ಹೆಂಗಸು ಅವನ ಮನೆಯ ಗೇಟಿನ ಹೊರಗೆ ಬಂದು ನಿಂತಳು. ಅವಳ ಗಂಡ ಮೀನುಗಾರ. ಎರಡು ದಿನದಿಂದ ಕೊಟ್ಟಿಗೆಯಲ್ಲಿದ್ದ.

"ಪಾದ್ರಿಗಳೇ, ನನ್ನ ಗಂಡ ನಿಮ್ಮನ್ನು ಕೇಳುತ್ತಿದ್ದಾರೆ" ಎಂದಳು.

"ಕೀರ್ತನೆ ಪುಸ್ತಕ ಕೊಡುತ್ತೇನೆ. ಓದಿ ಹೇಳಮ್ಮ."

"ಕೀರ್ತನೆ ಅವರಿಗೆ ಬಾಯಿಪಾಠ ಬರುತ್ತದೆ. ಅವರು ಕೇಳುತ್ತಿರುವುದು ನಿಮ್ಮನ್ನು."

ಪಾದ್ರಿ, ಸಾಯುವವರಿಗೆ ದ್ರಾಕ್ಷಾರಸ ಕೊಡುವ ಪ್ರಭುಭೋಜನದ ಬಟ್ಟಲನ್ನು ಚೀಲದಲ್ಲಿಟ್ಟುಕೊಂಡು ಅವಳ ಹಿಂದೆ ನಡೆದ. ಬೀದಿಯಲ್ಲಿ ಜನ ಕಿಟಕಿಗಳಿಂದ ನೋಡಿದರು. ನಮ್ಮ ಪಾದ್ರಿ ಹೋಗುತ್ತಿದ್ದಾರೆ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಅವನು ಹೆಜ್ಜೆ ಎಣಿಸುತ್ತ ಹೋದ.

ಕೊಟ್ಟಿಗೆಯ ಮುಂದೆ ನೆಲದ ತುಂಬ ಸುಣ್ಣ ಚೆಲ್ಲಿದ್ದರು. ಬಾಗಿಲು ತೆರೆದಿತ್ತು. ಒಳಗೆ ಯಾರೋ ನರಳುತ್ತಿದ್ದರು. ಆ ನರಳಾಟದ ನಡುವೆ ಒಂದು ಒಣಗಿದ ಗಂಟಲು ಅವನ ಕೀರ್ತನೆಯನ್ನು ಹಾಡುತ್ತಿತ್ತು. ಒಂದು ಪದ ಹಾಡಿ, ನಿಲ್ಲಿಸಿ, ಮತ್ತೊಂದು ಪದ ಹಾಡುತ್ತಿತ್ತು.

"ಅವರೇ ಹಾಡುತ್ತಿರುವುದು" ಎಂದಳು ಬ್ರೀತಾ.

ಪಾದ್ರಿಯ ಕಾಲು ನಿಂತುಹೋಯಿತು. ಮುಂದಿಡಲು ನೋಡಿದ. ಆಗಲಿಲ್ಲ.

"ಬಟ್ಟಲು ಮರೆತು ಬಂದೆ. ಈಗಲೇ ತರುತ್ತೇನೆ" ಎಂದ.

ಬ್ರೀತಾ ಅವನ ಚೀಲವನ್ನು ನೋಡಿದಳು. ಬಟ್ಟಲಿನ ಆಕಾರ ಹೊರಗೆ ಎದ್ದು ಕಾಣುತ್ತಿತ್ತು. ಅವನು ತಿರುಗಿ ಬಂದ. ಮನೆಯ ಬಾಗಿಲು ಹಾಕಿ ಅಗುಳಿ ಸರಿಸಿ ಕುಳಿತ. ಯಾರಾದರೂ ಬಂದು ಬಾಗಿಲು ತಟ್ಟುತ್ತಾರೆ ಎಂದು ಕಾದ. ಯಾರೂ ಬರಲಿಲ್ಲ. ಅದು ಇನ್ನೂ ಕಷ್ಟವಾಯಿತು.

ಮರುದಿನ ಹತ್ತು ಗಂಟೆಯ ಹೊತ್ತಿಗೆ ಬ್ರೀತಾ ಮತ್ತೆ ಗೇಟಿನ ಬಳಿ ನಿಂತಿದ್ದಳು. ಪಾದ್ರಿ ಕಿಟಕಿಯಿಂದ ಅವಳನ್ನು ನೋಡಿದ. ಬೀದಿಯಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಕೂಗುತ್ತಾಳೆ ಎಂದುಕೊಂಡ. ಕೂಗಲಿ, ಅದು ನ್ಯಾಯವೇ ಎಂದೂ ಅನಿಸಿತು. ಹೊರಗೆ ಬಂದ.

"ನನ್ನ ಗಂಡ ಹೋದರು. ನೀವು ಹೋದ ಮೇಲೆ ಒಂದು ಗಂಟೆ ಇದ್ದರು."

"ನಿನ್ನೆ ನಾನು..."

"ನಿನ್ನೆಯ ಮಾತಿಗೆ ಈಗ ಹೊತ್ತಿಲ್ಲ" ಎಂದಳು ಅವಳು. "ಪಕ್ಕದ ಹಾಸಿಗೆಯಲ್ಲಿ ಹಗ್ಗ ಹೊಸೆಯುವವನೊಬ್ಬ ಇದ್ದಾನೆ. ಅವನಿಗೆ ಹೆಂಡತಿ ಇಲ್ಲ, ಮಕ್ಕಳಿಲ್ಲ. ಅವನೂ ನಿಮ್ಮನ್ನು ಕೇಳುತ್ತಿದ್ದಾನೆ. ಉಸಿರು ಇರುವಾಗ ಬನ್ನಿ."

ತನಗಾಗಿ ಬಂದಾಗ ಬರಿಗೈಯಲ್ಲಿ ಹೋದವಳು, ಗಂಡನನ್ನು ಮಣ್ಣು ಮಾಡಿದ ಬೆಳಿಗ್ಗೆಯೇ ಯಾರೋ ಒಬ್ಬನಿಗಾಗಿ ಮತ್ತೆ ಬಂದಿದ್ದಳು. ಪಾದ್ರಿ ಚೀಲ ತೆಗೆದುಕೊಂಡ. ಅವನ ಭಯ ಎಳ್ಳಷ್ಟೂ ಕಡಿಮೆಯಾಗಿರಲಿಲ್ಲ. ನಿನ್ನೆ ನಿಂತ ಜಾಗ ಬಂತು. ಬ್ರೀತಾ ಹಿಂತಿರುಗಿ ನೋಡದೆ ಒಳಗೆ ಹೋದಳು. ಅವನು ಅವಳ ಬೆನ್ನನ್ನೇ ನೋಡುತ್ತ ಹೊಸ್ತಿಲು ದಾಟಿದ.

ಹಗ್ಗ ಹೊಸೆಯುವವನು ಹುಲ್ಲಿನ ಹಾಸಿಗೆಯ ಮೇಲೆ ಮಲಗಿದ್ದ. ಕೆನ್ನೆ ಒಳಗೆ ಹೋಗಿತ್ತು. ತುಟಿ ನೀಲಿಯಾಗಿತ್ತು. ಬುದ್ಧಿ ಮಾತ್ರ ಸ್ಪಷ್ಟವಾಗಿತ್ತು.

"ಹಾಡಿ" ಎಂದ.

ಪಾದ್ರಿ ಹಾಡಿದ. ಮೊದಲ ಚರಣ ಆಯಿತು. ಎರಡನೆಯದೂ ಆಯಿತು. ಮೂರನೆಯ ಚರಣದಲ್ಲಿ ಆ ಸಾಲು ಬಂತು. ಅಲ್ಲಿ ನಿಲ್ಲಿಸಿದ. ಮತ್ತೆ ಶುರುಮಾಡಿದ. ಮತ್ತೆ ಅಲ್ಲೇ ನಿಂತ. ಸುತ್ತಲಿನ ಹಾಸಿಗೆಗಳಲ್ಲಿ ನರಳುತ್ತಿದ್ದವರು ಕೂಡ ಇತ್ತ ತಿರುಗಿದರು.

"ಆ ಸಾಲನ್ನು ನನ್ನಿಂದ ಹೇಳಲಾಗುವುದಿಲ್ಲ" ಎಂದ ಪಾದ್ರಿ. "ಅದನ್ನು ಬರೆದಾಗ ನನಗೆ ಸಾವು ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ. ನನಗೆ ಭಯವಾಗುತ್ತದೆ. ನಿನ್ನೆ ಈ ಬಾಗಿಲವರೆಗೆ ಬಂದು ಓಡಿಹೋದವನು ನಾನು."

ರೋಗಿ ಅವನ ಮುಖವನ್ನು ನೋಡಿದ. ಅವನು ಬೈಯುತ್ತಾನೆ, ಇಲ್ಲವೇ ಮುಖ ತಿರುಗಿಸುತ್ತಾನೆ ಎಂದು ಪಾದ್ರಿ ಕಾದ.

"ಹಾಗಾದರೆ ಇಲ್ಲೇ ಕುಳಿತುಕೊಳ್ಳಿ" ಎಂದ ರೋಗಿ. "ಆ ಹಾಡು ಕೇಳಿದಾಗಲೆಲ್ಲ, ಎಲ್ಲರೂ ಧೈರ್ಯವಾಗಿ ಹೋಗುತ್ತಾರೆ, ನಾನೊಬ್ಬನೇ ಹೇಡಿ ಎಂದುಕೊಳ್ಳುತ್ತಿದ್ದೆ. ನಿಮ್ಮನ್ನು ಕರೆಸಿದ್ದು ಅದು ನಿಜವೇ ಎಂದು ಕೇಳಲಿಕ್ಕೆ. ಇನ್ನು ಕೇಳುವುದೇನೂ ಇಲ್ಲ."

ಪಾದ್ರಿ ನೆಲದ ಮೇಲೆ ಕುಳಿತ. ರೋಗಿ ಕೈ ಚಾಚಿದ. ನಾರು ತಿಕ್ಕಿ ತಿಕ್ಕಿ ಗಟ್ಟಿಯಾದ ಕೈ ಅದು. ಪಾದ್ರಿ ಅದನ್ನು ಹಿಡಿದುಕೊಂಡ. ಆ ಮನುಷ್ಯ ಮೂರು ಗಂಟೆ ಬದುಕಿದ್ದ. ಹೋಗುವಾಗ ಕೈ ಬಿಡಲಿಲ್ಲ. ಪಾದ್ರಿಯೇ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಅಷ್ಟರಲ್ಲಿ ಆಚೆಯ ಹಾಸಿಗೆಯಿಂದ ಒಬ್ಬ ಮುದುಕಿ ನೀರು ಎಂದಳು. ಅವನು ಎದ್ದು ಹೋಗಿ ಕುಡಿಸಿದ.

ಇಪ್ಪತ್ತಮೂರು ದಿನ ಅವನು ಆ ಕೊಟ್ಟಿಗೆಯಲ್ಲೇ ಇದ್ದ. ಬ್ರೀತಾ ನೀರು ಹೊತ್ತಳು. ಅವನು ಹೊಲಸು ಬಳಿದ, ಗುಂಡಿಗೆ ಸುಣ್ಣ ಹಾಕಿದ, ರೋಗಿಗಳು ಹೇಳಿದ ಪತ್ರಗಳನ್ನು ಬರೆದುಕೊಟ್ಟ. ಒಳಗೆ ಬಂದವರಲ್ಲಿ ಅರ್ಧಕ್ಕಿಂತ ಕಡಿಮೆ ಜನ ನಡೆದು ಹೊರಗೆ ಹೋದರು. ಪಾದ್ರಿ, ಬ್ರೀತಾ ಇಬ್ಬರೂ ಬದುಕಿದರು.

ರೋಗ ನಿಂತ ಮೇಲೆ ಬಂದ ಮೊದಲ ಭಾನುವಾರ ಚರ್ಚು ತುಂಬಿತ್ತು. ಊರಿನವರು ಅವನನ್ನು ಹೊಗಳಲು ಸಿದ್ಧರಾಗಿ ಬಂದಿದ್ದರು. ಅವನು ವೇದಿಕೆಯ ಮೇಲೆ ನಿಂತು, ಮೊದಲ ದಿನ ತಾನು ಹೇಳಿದ ಸುಳ್ಳನ್ನು ಎಲ್ಲರ ಮುಂದೆ ಹೇಳಿದ. ತನ್ನ ದಾರಿ ನೋಡುತ್ತ ಒಬ್ಬ ಮೀನುಗಾರ ಸತ್ತ ಎಂದೂ ಹೇಳಿದ. ಮುಂದಿನ ಸಾಲಿನ ಒಬ್ಬ ವ್ಯಾಪಾರಿ ಎದ್ದು ಹೊರಗೆ ನಡೆದ. ಅವನ ಹಿಂದೆ ಇನ್ನೂ ಕೆಲವರು ಹೋದರು. ಬ್ರೀತಾ ಕುಳಿತೇ ಇದ್ದಳು. ಆರಾಧನೆ ಮುಗಿದ ಮೇಲೆ ಅವನ ಬಳಿ ಬಂದು, "ನಾನು ಯಾರಿಗೂ ಹೇಳಿರಲಿಲ್ಲ" ಎಂದಳು. "ನನಗೆ ಗೊತ್ತು" ಎಂದ ಅವನು.

ಇಂಥ ಪಾದ್ರಿ ನಮಗೆ ಬೇಡ ಎಂದು ವ್ಯಾಪಾರಿಗಳು ಬಿಷಪ್ಪನಿಗೆ ಬರೆದರು. ಬಿಷಪ್ ಕರೆಸಿದ. ಆ ವರ್ಷ ದೇಶಕ್ಕೆಲ್ಲ ಒಂದೇ ಹೊಸ ಕೀರ್ತನೆ ಪುಸ್ತಕ ಅಚ್ಚಾಗುವುದಿತ್ತು. ಸಾವಿನ ಭಾಗದಲ್ಲಿ ಸಿಗ್ವಾರ್ಡನ ಕೀರ್ತನೆಯೇ ಮೊದಲನೆಯದು.

"ಜನ ಇದನ್ನೆಲ್ಲ ಮರೆಯುತ್ತಾರೆ" ಎಂದ ಬಿಷಪ್. "ನೀನು ಇನ್ನು ಸುಮ್ಮನಿರು. ನಿನ್ನ ಕೀರ್ತನೆ ಪುಸ್ತಕದಲ್ಲಿ ಉಳಿಯುತ್ತದೆ, ನೀನೂ ನಿನ್ನ ಊರಿನಲ್ಲಿ ಉಳಿಯುತ್ತೀಯ."

"ಒಂದು ಸಾಲು ಬದಲಿಸಬೇಕು" ಎಂದ ಪಾದ್ರಿ. "'ಸಾವೇ, ಹೆದರಿದರೂ ನಾನು ಒಂಟಿಯಲ್ಲ' ಎಂದಾಗಬೇಕು."

"ಆ ಹಳೆಯ ಸಾಲನ್ನು ಹಿಡಿದುಕೊಂಡು ಸಾವಿರಾರು ಜನ ಧೈರ್ಯವಾಗಿ ಹೋಗಿದ್ದಾರೆ."

"ಅವರ ಮಾತನ್ನು ನಾನು ಕೇಳಿಲ್ಲ. ಕೊಟ್ಟಿಗೆಯಲ್ಲಿ ಒಬ್ಬನ ಮಾತನ್ನು ಕೇಳಿದ್ದೇನೆ."

ಬಿಷಪ್ ಮೂರು ದಿನ ಕೊಟ್ಟ. ಹಳೆಯ ಸಾಲು ಇರಬೇಕು, ಇಲ್ಲವಾದರೆ ಕೀರ್ತನೆಯೇ ಇರುವುದಿಲ್ಲ ಎಂದ. ಆ ಮೂರು ದಿನ ಪಾದ್ರಿಗೆ ಅನ್ನ ಸೇರಲಿಲ್ಲ. ಅವನ ಹೆಸರು ನಿಂತದ್ದು ಆ ಒಂದು ಹಾಡಿನ ಮೇಲೆ. ಅದು ಹೋದರೆ ತಾನು ಯಾರೂ ಅಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಸುಮ್ಮನಿರಲು ಅವನಿಗೆ ಮನಸ್ಸೂ ಆಯಿತು. ಮೂರನೆಯ ದಿನ ಹೋಗಿ, ಹಳೆಯ ಸಾಲು ಬೇಡ ಎಂದ.

ಪುಸ್ತಕ ಅಚ್ಚಾಯಿತು. ಅದರಲ್ಲಿ ಅವನ ಹೆಸರಿರಲಿಲ್ಲ. ಅವನನ್ನು ದೂರದ ಕಾಡಿನ ನಡುವಿನ ಒಂದು ಸಣ್ಣ ಊರಿಗೆ ಹಾಕಿದರು. ಅಲ್ಲಿ ಮರ ಕಡಿಯುವವರು, ಇದ್ದಲು ಸುಡುವವರು ಇದ್ದರು. ಅವನು ಕವಿ ಎಂಬುದು ಅವರಿಗೆ ಗೊತ್ತಿರಲಿಲ್ಲ. ಯಾರಿಗಾದರೂ ಕಾಯಿಲೆ ಜೋರಾದರೆ ಹೇಳಿ ಕಳುಹಿಸುತ್ತಿದ್ದರು. ಅವನು ಹಿಮದಲ್ಲಿ ಜಾರುಬಂಡಿ ಕಟ್ಟಿಸಿಕೊಂಡು ಹೋಗುತ್ತಿದ್ದ. ಬಾಗಿಲ ಹತ್ತಿರ ನಿಲ್ಲುತ್ತಿರಲಿಲ್ಲ. ಹಾಸಿಗೆಯ ಪಕ್ಕ ಕುಳಿತು, ಮೊದಲು ಅವರ ಮಾತು ಕೇಳಿ, ಆಮೇಲೆ ಹಾಡುತ್ತಿದ್ದ. ಹತ್ತೊಂಬತ್ತು ವರ್ಷ ಹೀಗೆ ಇದ್ದ. ಒಂದು ಚಳಿಗಾಲದಲ್ಲಿ, ಇದ್ದಲು ಸುಡುವವನ ಹೆಂಡತಿಯ ಬಳಿ ಎರಡು ದಿನ ಕುಳಿತು ಬಂದವನಿಗೆ ಜ್ವರ ಹಿಡಿಯಿತು. ವಾರದೊಳಗೆ ತೀರಿಕೊಂಡ. ಆ ಊರಿನವರು ಸರದಿಯಂತೆ ಬಂದು ಅವನ ಪಕ್ಕದಲ್ಲಿ ಕುಳಿತಿದ್ದರು.

ಗುರುಗಳು ಕತೆ ನಿಲ್ಲಿಸಿದರು.

ಯೆಶಾಯನಿಗೆ ಇನ್ನೂ ಸಮಾಧಾನವಾಗಿರಲಿಲ್ಲ.

"ಅಯ್ಯನವರೇ, ಆ ಹತ್ತೊಂಬತ್ತು ವರ್ಷದಲ್ಲಾದರೂ ಅವನ ಭಯ ಹೋಯಿತೇ?" ಎಂದು ಕೇಳಿದ.

"ಹೋಯಿತೋ ಇಲ್ಲವೋ ಎಂದು ನೋಡಿಕೊಳ್ಳಲು ಅವನಿಗೆ ಪುರುಸೊತ್ತೇ ಸಿಗಲಿಲ್ಲ" ಎಂದರು ಗುರುಗಳು.

ಸೋಮವಾರ ಆಸ್ಪತ್ರೆಗೆ ಎಷ್ಟು ಹೊತ್ತಿಗೆ ಹೋಗಬೇಕು ಎಂದು ಯೆಶಾಯ ಕೇಳಿದ.