ಬಾಗಿಲಲ್ಲಿ ನಿಂತ ಕುದುರೆ

ಜರ್ಮನಿ ನೂರಾರು ಸಂಸ್ಥಾನಗಳಾಗಿ ಹಂಚಿಹೋಗಿದ್ದ ಕಾಲದಲ್ಲಿ, ಒಂದು ಪುಟ್ಟ ಸಂಸ್ಥಾನದ ದೊರೆ ತೀರಿಕೊಂಡು ಮಗ ಪಟ್ಟಕ್ಕೆ ಬಂದ. ಪಟ್ಟದ ಜೊತೆಗೆ ಅಪ್ಪನ ಹೆಣ್ಣುಕುದುರೆ ಹಿಲ್ಡಾಳೂ ಅವನ ಪಾಲಿಗೆ ಬಂದಳು.

ಮರುದಿನವೇ ಹೊಸ ದೊರೆ ಅವಳನ್ನೇರಿ ಬೇಟೆಗೆ ಹೊರಟ. ಹಿಟ್ಟಿನ ಗಿರಣಿಯ ಬಾಗಿಲು ಬಂದದ್ದೇ ಹಿಲ್ಡಾ ನಿಂತುಬಿಟ್ಟಳು. ಹಳೆಯ ದೊರೆ ದಿನವೂ ಅಲ್ಲಿ ನಿಂತು ಜನರ ಕಷ್ಟಸುಖ ವಿಚಾರಿಸುತ್ತಿದ್ದ. ಅವಳಿಗೆ ಅದೇ ರೂಢಿ. ಚಾಟಿ ಬೀಸಿದರೂ ಕದಲಲಿಲ್ಲ. ಗಿರಣಿಯವನು ಓಡಿಬಂದು, "ಮಹಾಪ್ರಭು, ಹೊಳೆಯ ಒಡ್ಡು ಬಿರುಕು ಬಿಟ್ಟಿದೆ. ಇನ್ನೆರಡು ದಿನಕ್ಕೆ ಊರು ಮುಳುಗುತ್ತದೆ," ಎಂದ. ಕುದುರೆ ಕದಲದ್ದರಿಂದ ದೊರೆ ಕೇಳಲೇಬೇಕಾಯಿತು. ಕೇಳಿದ ಮೇಲೆ ಆಳುಗಳನ್ನು ಕಳಿಸಲೇಬೇಕಾಯಿತು. ಒಡ್ಡು ಉಳಿಯಿತು. ಅಪ್ಪನ ರಕ್ತ ಎಲ್ಲಿ ಹೋದೀತು ಎಂದು ಊರೆಲ್ಲ ದೊರೆಯನ್ನು ಕೊಂಡಾಡಿತು.

ಲಾಯದಲ್ಲಿ, ಹಿಲ್ಡಾಳ ಪುಟ್ಟ ಮರಿಯ ಪಕ್ಕ ನಿಂತಿದ್ದ ಹೇಸರಗತ್ತೆಗೆ ತಡೆಯಲಿಲ್ಲ. "ಅಕ್ಕಾ, ಆ ಹೊಗಳಿಕೆ ನಿನಗಲ್ಲವೇ ಸಲ್ಲಬೇಕಾದದ್ದು?"

"ಅವನೇ ಇಟ್ಟುಕೊಳ್ಳಲಿ," ಎಂದಳು ಹಿಲ್ಡಾ, ಚಾಟಿಯೇಟು ಬಿದ್ದ ಬೆನ್ನನ್ನು ಗೋಡೆಗೆ ಉಜ್ಜಿಕೊಳ್ಳುತ್ತ. "ನನಗೆ ಬೇರೆ ಕೆಲಸವಿದೆ. ಅರಮನೆಯಲ್ಲಿ ದೊರೆಗೆ ಗಂಡುಮಗು ಹುಟ್ಟಿದೆಯಂತೆ. ನಾಳೆಯಿಂದಲೇ ನನ್ನ ಮರಿಗೆ ಊರಿನ ಒಂದೊಂದೇ ಬಾಗಿಲು ಪರಿಚಯ ಮಾಡಿಕೊಡಬೇಕು."